ನ್ಯೂಪೋರ್ಟಿನ ಮಹಲುಗಳ ಹಿಂಬಾಗಿಲು

ಬಾಸ್ಟನ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರ ಮನೆಗೆ ಬೇಸಿಗೆಯಲ್ಲಿ ಊರಿನಿಂದ ತಂದೆತಾಯಿ ಬಂದರೆಂದರೆ ಅವರನ್ನು ಕರೆದೊಯ್ಯುವ ಜಾಗಗಳ ಪಟ್ಟಿ ಹೆಚ್ಚುಕಡಿಮೆ ಎಲ್ಲರಲ್ಲೂ ಒಂದೇ ಆಗಿರುತ್ತದೆ: ನಯಾಗರಾ, ನ್ಯೂಯಾರ್ಕ್, ಆಶ್‌ಲ್ಯಾಂಡಿನ ಲಕ್ಷ್ಮೀ ದೇವಸ್ಥಾನ, ಮತ್ತು ಯಾವುದಾದರೊಂದು ಶನಿವಾರ ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್. ಸುಮಾರು 70 ಮೈಲಿಯ ದಾರಿ. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ ರಾತ್ರಿ ಊಟದ ಹೊತ್ತಿಗೆ ಮನೆಗೆ ಮರಳಬಹುದು. ಬಹುತೇಕರು ‘ಬ್ರೇಕರ್ಸ್’ ಎಂಬ ದೊಡ್ಡ ಮಹಲನ್ನು ನೋಡಿ, ಅದರ ಹಿಂದಿನ ಹುಲ್ಲುಹಾಸಿನ ಮೇಲೆ ಫೋಟೋ ತೆಗೆಸಿಕೊಂಡು, ಕಡಲ ದಂಡೆಯ ಓಶನ್ ಡ್ರೈವ್‌ನಲ್ಲಿ ಕಾರಿನಲ್ಲೇ ಒಂದು ಸುತ್ತು ಹಾಕಿ ಹಿಂದಿರುಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಪ್ಪ, ಅಮ್ಮನ ಜೊತೆ ಆ ಊರನ್ನು ನಿಧಾನವಾಗಿ ನೋಡಿಬಂದ ಮೇಲೆ, ನ್ಯೂಪೋರ್ಟನ್ನು ಎದುರುಬಾಗಿಲಿನಿಂದಷ್ಟೇ ಕಂಡವರು ಅರ್ಧವನ್ನು ಮಾತ್ರ ಕಂಡಿದ್ದಾರೆ ಎಂಬ ಅಭಿಪ್ರಾಯ ನನ್ನಲ್ಲಿ ಗಟ್ಟಿಯಾಗಿದೆ. ಈ ಮನೆಗಳನ್ನು ಕಟ್ಟಿಸಿದವರು ಚಿನ್ನವನ್ನೂ ಅಮೃತಶಿಲೆಯನ್ನೂ ಎತ್ತಿ ತೋರಿಸುವುದರಲ್ಲಿ ಎಷ್ಟು ಬುದ್ಧಿ ಖರ್ಚು ಮಾಡಿದರೋ, ಕಲ್ಲಿದ್ದಲು, ಹೊಗೆ, ಅಡುಗೆಯ ವಾಸನೆ, ದುಡಿಯುವವರ ಓಡಾಟ ಇವುಗಳನ್ನು ಮರೆಮಾಡುವುದರಲ್ಲೂ ಅಷ್ಟೇ ಬುದ್ಧಿ ಖರ್ಚು ಮಾಡಿದರು. ನನ್ನ ಮಟ್ಟಿಗೆ ಈ ಎರಡನೆಯದೇ ಹೆಚ್ಚು ನೋಡತಕ್ಕದ್ದು.

ಮಹಲುಗಳಿಗಿಂತ ಊರು ಬಹಳ ಹಳೆಯದು. 1639ರಲ್ಲಿ ಹುಟ್ಟಿದ ನ್ಯೂಪೋರ್ಟ್, ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ವಸಾಹತುಗಳ ದೊಡ್ಡ ಬಂದರುಗಳಲ್ಲೊಂದಾಗಿತ್ತು. 1673ರಿಂದ ಇರುವ ವೈಟ್ ಹಾರ್ಸ್ ಎಂಬ ಪಾನಗೃಹ, 1747ರಲ್ಲಿ ಸ್ಥಾಪನೆಯಾದ ರೆಡ್‌ವುಡ್ ಗ್ರಂಥಾಲಯ, 1763ರಲ್ಲಿ ಪೂರ್ಣಗೊಂಡ, ಯಹೂದಿಗಳ ಪ್ರಾರ್ಥನಾಮಂದಿರವಾದ ಟೂರೋ ಸಿನಗಾಗ್ ಇವೆಲ್ಲ ಇವತ್ತಿಗೂ ನಡೆದಾಡುವಷ್ಟು ದೂರದಲ್ಲೇ ಇವೆ. ಇಂಡಿಯಾದ ನೆನಪು ತರುವ ಸಂಗತಿಯೂ ಒಂದಿದೆ: ಥಾಮಸ್ ಟ್ಯೂ ಎಂಬ ಕಡಲ್ಗಳ್ಳ 1693ರಲ್ಲಿ ಕೆಂಪು ಸಮುದ್ರದ ಬಳಿ ಇಂಡಿಯಾದಿಂದ ಹೊರಟಿದ್ದ ಹಡಗೊಂದನ್ನು ದೋಚಿ, ಮರುವರ್ಷ ಇದೇ ನ್ಯೂಪೋರ್ಟಿಗೆ ಹಿಂದಿರುಗಿದ್ದ. ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ, 1776ರಿಂದ 1779ರವರೆಗೆ, ಬ್ರಿಟಿಷ್ ಸೈನ್ಯ ಊರನ್ನು ಹಿಡಿದಿಟ್ಟುಕೊಂಡಿತು. ಸೈನಿಕರು ಚಳಿಗೆ ಮನೆಗಳನ್ನೇ ಕಿತ್ತು ಸೌದೆ ಮಾಡಿಕೊಂಡರು. ವರ್ತಕರು ಊರು ಬಿಟ್ಟರು. ಆಮೇಲೆ ಬಂದರಿನ ವ್ಯಾಪಾರ ಚೇತರಿಸಿಕೊಳ್ಳಲೇ ಇಲ್ಲ. ಹಳೆಯ ಮರದ ಮನೆಗಳನ್ನು ಕೆಡವಿ ಹೊಸದು ಕಟ್ಟಲು ಯಾರ ಕೈಯಲ್ಲೂ ದುಡ್ಡಿರದ ಕಾರಣ ಅವು ಹಾಗೆಯೇ ಉಳಿದವು. ಬಡತನ ಉಳಿಸಿಕೊಟ್ಟ ಈ ಊರಿನ ತಂಪು ಗಾಳಿಯನ್ನು ಹುಡುಕಿಕೊಂಡು ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲು ದಕ್ಷಿಣದ ತೋಟಗಳ ಒಡೆಯರು ಬಂದರು, ಅವರ ಹಿಂದೆ ನ್ಯೂಯಾರ್ಕಿನ ರೈಲ್ವೆ, ಕಲ್ಲಿದ್ದಲು, ಬೆಳ್ಳಿಗಣಿಗಳ ಧಣಿಗಳು ಬಂದರು.

ಈ ಧಣಿಗಳು ಬೆಲ್‌ವ್ಯೂ ಅವೆನ್ಯೂ ಎಂಬ ನೇರ ರಸ್ತೆಯ ಉದ್ದಕ್ಕೂ, ಕಡಲಿಗೆ ಬೆನ್ನು ಮಾಡಿಯೋ ಮುಖ ಮಾಡಿಯೋ, ಫ್ರಾನ್ಸ್ ಮತ್ತು ಇಟಲಿಯ ಅರಮನೆಗಳನ್ನು ಹೋಲುವ ಮಹಲುಗಳನ್ನು ಕಟ್ಟಿಸಿದರು. ವರ್ಷದಲ್ಲಿ ಆರೆಂಟು ವಾರ, ಜುಲೈ ಆಗಸ್ಟ್ ತಿಂಗಳುಗಳಲ್ಲಿ ಮಾತ್ರ, ಇಲ್ಲಿ ವಾಸ. ಉಳಿದ ಕಾಲವೆಲ್ಲ ಬೀಗ. ಇವತ್ತು ಅವುಗಳಲ್ಲಿ ಮುಖ್ಯವಾದವು 1945ರಲ್ಲಿ ಹುಟ್ಟಿದ ಪ್ರಿಸರ್ವೇಶನ್ ಸೊಸೈಟಿ ಆಫ್ ನ್ಯೂಪೋರ್ಟ್ ಕೌಂಟಿ ಎಂಬ ಸಂಸ್ಥೆಯ ಕೈಯಲ್ಲಿವೆ. ಟಿಕೆಟ್ ಕೊಂಡು ಯಾರು ಬೇಕಾದರೂ ಒಳಗೆ ಹೋಗಬಹುದು.

ನಾವು ಮೊದಲು ಹೋದದ್ದು ‘ದ ಎಲ್ಮ್ಸ್’ ಎಂಬ ಮಹಲಿಗೆ. ಅಲ್ಲಿ ಸೇವಕರ ಬದುಕನ್ನೇ ಕುರಿತ ಪ್ರತ್ಯೇಕ ಪ್ರವಾಸವೊಂದಿದೆ ಎಂದು ಓದಿ, ಮುಂಚೆಯೇ ಜಾಗ ಕಾದಿರಿಸಿದ್ದೆ. ಅಪ್ಪ ಮೈಸೂರಿನ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ಸೇರಿ ಸೂಪರ್‌ವೈಸರ್ ಆಗಿ ನಿವೃತ್ತರಾದವರು. ದೊಡ್ಡವರ ಮನೆಯ ಮಂಚ, ಕುರ್ಚಿ, ಪರದೆಗಳನ್ನು ನೋಡುವುದರಲ್ಲಿ ಅವರಿಗೆ ಎಂದೂ ಆಸಕ್ತಿಯಿಲ್ಲ. ಬಾಯ್ಲರ್ ಇದೆ ಎಂದ ಮೇಲೆಯೇ ಬರಲು ಒಪ್ಪಿದ್ದು.

ಎಲ್ಮ್ಸ್ ಕಟ್ಟಿಸಿದ ಎಡ್ವರ್ಡ್ ಬರ್ವಿಂಡ್ ಕಲ್ಲಿದ್ದಲಿನ ದೊರೆ. ಅವನ ಕಂಪನಿ ಅಮೆರಿಕದ ನೌಕಾಪಡೆಗೂ ಅಟ್ಲಾಂಟಿಕ್ ದಾಟುವ ಹಡಗುಗಳಿಗೂ ಕಲ್ಲಿದ್ದಲು ಒದಗಿಸುತ್ತಿತ್ತು. ಹೊರೇಸ್ ಟ್ರಂಬಾವರ್ ಎಂಬ ವಾಸ್ತುಶಿಲ್ಪಿ ಪ್ಯಾರಿಸ್ ಬಳಿಯ ಹಳೆಯ ಶಾಟೋ (ಸಿರಿವಂತರ ಮಹಲು) ಒಂದನ್ನು ಮಾದರಿಯಾಗಿಟ್ಟುಕೊಂಡು ರೂಪಿಸಿದ ಈ ಮನೆ 1901ರಲ್ಲಿ, ಸುಮಾರು 14 ಲಕ್ಷ ಡಾಲರ್ ಖರ್ಚಿನಲ್ಲಿ ಮುಗಿಯಿತು. ಗ್ಯಾಸಿನ ದೀಪಗಳ ಆಸರೆಯನ್ನು ಪೂರ್ತಿ ಬಿಟ್ಟು ವಿದ್ಯುತ್ತನ್ನೇ ನಂಬಿದ ಮೊದಲ ಅಮೆರಿಕನ್ ಮನೆಗಳಲ್ಲಿ ಇದೂ ಒಂದು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ ಎಂದು ನೆನಪಿಸಿಕೊಂಡರೆ ಆ ಕಾಲ ನಮಗೆ ಸರಿಯಾಗಿ ಅಂದಾಜಾಗುತ್ತದೆ. ಅಲ್ಲಿ ಗಣಿಗೆ, ಇಲ್ಲಿ ಒಂದು ಬೇಸಿಗೆಯ ಮನೆಗೆ.

ಎದುರಿನಿಂದ ನೋಡಿದರೆ ಎಲ್ಮ್ಸ್ ಎರಡೇ ಅಂತಸ್ತಿನ ಮನೆ. ಮೇಲ್ಛಾವಣಿಯ ಅಂಚಿಗೆ ಸುತ್ತಲೂ ಎದೆಯೆತ್ತರದ ಕಲ್ಲಿನ ಕೈಪಿಡಿಗೋಡೆ, ಅದರ ಮೇಲೆ ಶಿಲ್ಪಗಳು. ಆ ಗೋಡೆಯ ಹಿಂದೆ ಮೂರನೆಯ ಅಂತಸ್ತೊಂದು ಅಡಗಿದೆ ಎಂಬುದು ರಸ್ತೆಯಲ್ಲಿ ನಿಂತವರಿಗೆ ಗೊತ್ತೇ ಆಗುವುದಿಲ್ಲ. ಸೇವಕರು ಮಲಗುತ್ತಿದ್ದದ್ದು ಅಲ್ಲಿ. ಪ್ರವಾಸ ಶುರುವಾಗುವುದು ಬದಿಯ ಸೇವಕರ ಬಾಗಿಲಿನಿಂದ, ಮತ್ತು ಆ ಬಾಗಿಲಿನ ದಾರಿಯನ್ನೂ ಬಳ್ಳಿ ಹಬ್ಬಿಸಿದ ಚಪ್ಪರದಿಂದ ಮರೆಮಾಡಲಾಗಿದೆ. ತರಕಾರಿಯ ಗಾಡಿ, ಮಂಜುಗಡ್ಡೆಯ ಗಾಡಿ, ಕೆಲಸ ಕೇಳಿಕೊಂಡು ಬಂದ ಹುಡುಗಿ, ಎಲ್ಲರೂ ಈ ಹಸಿರು ಸುರಂಗದೊಳಗೆ ಬಂದು ಕಣ್ಮರೆಯಾಗುವ ಏರ್ಪಾಡು. ಒಳಗೆ ಹೋದ ಕೂಡಲೇ ಎಂಬತ್ತಕ್ಕೂ ಹೆಚ್ಚು ಮೆಟ್ಟಿಲುಗಳ ಹಿಂಬದಿಯ ಮಹಡಿಮೆಟ್ಟಿಲು. ಅಮ್ಮ ಮಂಡಿ ಹಿಡಿದುಕೊಂಡು, ನಡುವೆ ಎರಡು ಕಡೆ ನಿಂತು, “ಬಟ್ಟೆ ಗಂಟು ಹೊತ್ಕೊಂಡು ಇದನ್ನ ದಿನಕ್ಕೆ ಎಷ್ಟು ಸಲ ಹತ್ತುತಿದ್ರೋ ಪಾಪ” ಎಂದರು.

ಮೇಲಿನ ಕೋಣೆಗಳನ್ನು ನೋಡಿದಾಗ ಒಂದು ವಿಷಯವನ್ನು ಒಪ್ಪಿಕೊಳ್ಳಬೇಕಾಗುತ್ತದೆ: ಆ ಕಾಲಕ್ಕೆ ಅವು ಕೆಟ್ಟ ಕೋಣೆಗಳಾಗಿರಲಿಲ್ಲ. ಕಬ್ಬಿಣದ ಮಂಚ, ಕಿಟಕಿ, ಹಲವರಿಗೆ ಸೇರಿದ ಸ್ನಾನದ ಮನೆ. ಐರ್ಲೆಂಡಿನ ಹಳ್ಳಿಯಿಂದ ಬಂದ ಹುಡುಗಿಯೊಬ್ಬಳಿಗೆ ನಲ್ಲಿಯಲ್ಲಿ ಬಿಸಿನೀರು ಬರುವುದೇ ದೊಡ್ಡ ಸೋಜಿಗವಾಗಿದ್ದಿರಬೇಕು. ಇಲ್ಲದೆ ಇದ್ದದ್ದು ರಜೆ. ಮನೆ ಶುರುವಾದ ಮರುವರ್ಷ, 1902ರಲ್ಲಿ, ಇಲ್ಲಿನ ಸೇವಕರು ನಿಯಮಿತವಾಗಿ ಬಿಡುವು ಬೇಕೆಂದು ಕೇಳಿ ಕೆಲಸ ನಿಲ್ಲಿಸಿದರು. ಬರ್ವಿಂಡ್ ಅವರನ್ನೆಲ್ಲ ಹೊರಗೆ ಹಾಕಿ ಬೇರೆಯವರನ್ನು ಕರೆತಂದ. ಅವನಿಗೆ ಇದು ಹೊಸ ವಿದ್ಯೆಯೂ ಆಗಿರಲಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಅವನ ಕಂಪನಿ ಕಟ್ಟಿಸಿದ ಗಣಿಯೂರಿಗೆ ಅವನ ಮನೆತನದ ಹೆಸರನ್ನೇ ಹಿಂದುಮುಂದು ಮಾಡಿ ‘ವಿಂಡ್‌ಬರ್’ ಎಂದು ಕರೆಯಲಾಗಿತ್ತು. ಅಲ್ಲಿನ ಗಣಿಕಾರ್ಮಿಕರು 1922ರಲ್ಲಿ ಮುಷ್ಕರ ಹೂಡಿದಾಗ ಕಂಪನಿಯ ಮನೆಗಳಿಂದ ಅವರ ಸಂಸಾರಗಳನ್ನು ಎಬ್ಬಿಸಿದ್ದರಿಂದ ಎಷ್ಟೋ ಜನ ಡೇರೆಗಳಲ್ಲಿ ಕಾಲ ಹಾಕಬೇಕಾಯಿತು. ಎಲ್ಮ್ಸಿನ ನಾಟ್ಯಶಾಲೆಯನ್ನು ನೋಡುವಾಗ ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವುದು ನ್ಯಾಯ ಎಂದು ನನಗೆ ತೋರುತ್ತದೆ.

ನೆಲಮಾಳಿಗೆಗೆ ಇಳಿದ ಮೇಲೆ ಪ್ರವಾಸ ಅಪ್ಪನದಾಯಿತು. ಎರಕದ ಕಬ್ಬಿಣದ ಬಾಗಿಲುಗಳ ಬಾಯ್ಲರುಗಳು ಅಲ್ಲಿ ಸಾಲಾಗಿ ಕೂತಿವೆ. ಅವರು ಕನ್ನಡಕವನ್ನು ಹಣೆಗೇರಿಸಿ, ಬಗ್ಗಿ, ಕೆಳಗಿನ ಸಣ್ಣ ಬಾಗಿಲನ್ನು ತೋರಿಸುತ್ತ, “ಇದು ಬೂದಿ ಎಳೆಯೋ ಬಾಗಿಲು. ಬೆಂಕಿ ಹಾಕೋದು ಸುಲಭ, ಬೂದಿ ಎಳೆಯೋದೇ ಕಷ್ಟ. ಇಲ್ಲಿಂದ ಬೂದಿ ಎಲ್ಲಿಗೆ ಹೋಗ್ತಿತ್ತು ಕೇಳು” ಎಂದರು. ನಾನು ಮಾರ್ಗದರ್ಶಿಯನ್ನು ಕೇಳಿದೆ. ಆಕೆ ನಮ್ಮನ್ನು ಗೋಡೆಯಲ್ಲಿ ತೆರೆದುಕೊಂಡ ಕಮಾನಿನ ಬಾಯಿಯ ಬಳಿ ಕರೆದೊಯ್ದರು. ನೆಲದ ಮೇಲೆ ಎರಡು ಸಣ್ಣ ಹಳಿ. ಪಕ್ಕದ ರಸ್ತೆಯಿಂದ ತೋಟದ ಅಡಿಯಲ್ಲಿ ಕೊರೆದ ಸುರಂಗದಲ್ಲಿ ತಳ್ಳುಗಾಡಿಯ ಮೇಲೆ ಕಲ್ಲಿದ್ದಲು ಒಳಗೆ ಬರುತ್ತಿತ್ತು; ಕಲ್ಲಿದ್ದಲಿನ ದೊರೆಯ ಮನೆಗೆ ಬಂದ ಅತಿಥಿಗಳಿಗೆ ಒಂದು ಚೂರು ಕಲ್ಲಿದ್ದಲೂ ಕಾಣುತ್ತಿರಲಿಲ್ಲ. ಮನೆತನದ ಅನ್ನವನ್ನು ಹಿಂಬಾಗಿಲಿನಿಂದಲೂ ಅಲ್ಲ, ನೆಲದಡಿಯಿಂದ ತರಿಸಿಕೊಳ್ಳುವ ಈ ನಾಚಿಕೆಯನ್ನು ನಾನು ಬೇರೆಲ್ಲೂ ಇಷ್ಟು ಸ್ಪಷ್ಟವಾಗಿ ಕಂಡಿಲ್ಲ. ಅಪ್ಪ ಮಾತ್ರ ಹಳಿಗಳ ನಡುವಿನ ಅಂತರವನ್ನು ಗೇಣಿನಲ್ಲಿ ಅಳೆಯುತ್ತಿದ್ದರು.

ಬರ್ವಿಂಡ್ 1936ರಲ್ಲಿ ತೀರಿಕೊಂಡ ಮೇಲೆ ಅವನ ತಂಗಿ ಜೂಲಿಯಾ 1961ರವರೆಗೂ ಹಳೆಯ ಠೀವಿಯಲ್ಲೇ, ತುಂಬ ಆಳುಕಾಳುಗಳ ನಡುವೆ ಬೇಸಿಗೆಗಳನ್ನು ಕಳೆದಳು. ಆಕೆ ಹೋದ ಬಳಿಕ ಸಾಮಾನೆಲ್ಲ ಹರಾಜಾಗಿ, ಮನೆ ಕೆಡವುವವರ ಕೈಗೆ ಹೋಗುವುದರಲ್ಲಿತ್ತು; 1962ರಲ್ಲಿ ಸೊಸೈಟಿ ಕೊಂಡು ಉಳಿಸಿತು. ಅಂದಹಾಗೆ, ಮನೆಗೆ ಹೆಸರು ಕೊಟ್ಟ ಎಲ್ಮ್ ಮರಗಳು ರೋಗ ತಗುಲಿ ಹೋಗಿಬಿಟ್ಟಿವೆ. ಈಗ ತೋಟದಲ್ಲಿರುವುದು ಕೊಂಬೆಗಳನ್ನು ನೆಲಕ್ಕೆ ಇಳಿಬಿಟ್ಟ ಬೀಚ್ ಮರಗಳು.

ಬ್ರೇಕರ್ಸ್‌ಗೆ ಹೋದಾಗ ಮಧ್ಯಾಹ್ನ. ಇದು ಎಲ್ಲರೂ ನೋಡುವ ಮಹಲಾದ್ದರಿಂದ ಸಾಲು ಉದ್ದವಿತ್ತು. ಹಡಗು ಮತ್ತು ರೈಲ್ವೆಗಳಿಂದ ಸಂಪತ್ತು ಕೂಡಿಸಿದ ವ್ಯಾಂಡರ್‌ಬಿಲ್ಟ್ ಮನೆತನದ ಎರಡನೆಯ ಕಾರ್ನೀಲಿಯಸ್, 1885ರಲ್ಲಿ ಈ ಜಾಗದಲ್ಲಿದ್ದ ಮರದ ಮನೆಯನ್ನು ಕೊಂಡಿದ್ದ. ಅದು 1892ರ ನವೆಂಬರಿನಲ್ಲಿ ಬೆಂಕಿಗೆ ಆಹುತಿಯಾಯಿತು. ರಿಚರ್ಡ್ ಮಾರಿಸ್ ಹಂಟ್ ಎಂಬ ವಾಸ್ತುಶಿಲ್ಪಿಯ ಕೈಯಲ್ಲಿ ಹೊಸ ಮನೆ ಕಟ್ಟಿಸುವಾಗ ಅವನು ಹಾಕಿದ ಮುಖ್ಯ ಷರತ್ತು, ಮತ್ತೆ ಬೆಂಕಿ ಹತ್ತಬಾರದು ಎಂಬುದು. ಹಾಗಾಗಿ ಕಟ್ಟಡದ ಅಸ್ಥಿಪಂಜರಕ್ಕೆ ಮರದ ಬದಲು ಉಕ್ಕು, ಇಟ್ಟಿಗೆ, ಕಲ್ಲುಗಳನ್ನು ಬಳಸಲಾಯಿತು. ಬಾಯ್ಲರುಗಳನ್ನು ಮನೆಯ ಕೆಳಗೂ ಇಡದೆ, ಕಾಂಪೌಂಡಿನ ಅಂಚಿನಲ್ಲಿ ನೆಲದಡಿಯ ಬೇರೆಯೇ ಕೋಣೆಯಲ್ಲಿರಿಸಿ, ಉದ್ದದ ಸುರಂಗದ ಮೂಲಕ ಮನೆಗೆ ಶಾಖ ಹಾಯಿಸುವ ವ್ಯವಸ್ಥೆ ಮಾಡಲಾಯಿತು. 1893ರಿಂದ 1895, ಎರಡೇ ವರ್ಷಗಳಲ್ಲಿ 70 ಕೋಣೆಗಳ ಮಹಲು ಎದ್ದು ನಿಂತಿತು.

ಮೈಸೂರಿನವರಿಗೆ ಈ ಕತೆ ತೀರ ಪರಿಚಿತ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ರೂಪಿಸಿ, 1912ರಲ್ಲಿ ಮುಗಿದ ಈಗಿನ ಅರಮನೆಯಲ್ಲೂ ಬೆಂಕಿಯ ಭಯವೇ ಕಲ್ಲು ಕಬ್ಬಿಣಗಳಾಗಿ ನಿಂತಿದೆ. ಕಲ್ಯಾಣಮಂಟಪದ ಎರಕದ ಕಂಬಗಳು ಗ್ಲಾಸ್ಗೊದಿಂದ ಹಡಗಿನಲ್ಲಿ ಬಂದವು. ಸುಮಾರು 50 ಅಡಿ ಎತ್ತರದ ಬ್ರೇಕರ್ಸಿನ ನಡುಮನೆಯಲ್ಲಿ ತಲೆಯೆತ್ತಿ ನಿಂತ ಅಪ್ಪ, “ನಮ್ಮ ಅರಮನೆ ಮುಂದೆ ಇದೇನು ಮಹಾ” ಎಂದು ತೀರ್ಪು ಕೊಟ್ಟರು. ಅಳತೆಯ ದೃಷ್ಟಿಯಿಂದ ಅವರು ಹೇಳಿದ್ದು ಸರಿ. ಆದರೆ ಅಲ್ಲಿ ದರ್ಬಾರು ನಡೆಯುತ್ತಿತ್ತು, ದಸರೆಯಲ್ಲಿ ಪ್ರಜೆಗಳು ಎದುರಿನ ಅಂಗಳದಲ್ಲಿ ನೆರೆಯುತ್ತಿದ್ದರು. ಇಲ್ಲಿ ಇಷ್ಟೆಲ್ಲ ಕಟ್ಟಿದ್ದು ಗಂಡ, ಹೆಂಡತಿ, ಮಕ್ಕಳು ಬೇಸಿಗೆ ಕಳೆಯಲು ಮತ್ತು ಸರೀಕರನ್ನು ಊಟಕ್ಕೆ ಕರೆಯಲು. ರಾಜ್ಯವಿಲ್ಲದ ಅರಮನೆಗೆ ಒಂದು ಬಗೆಯ ಒಂಟಿತನವಿರುತ್ತದೆ. ಅದನ್ನು ಮುಚ್ಚಲೆಂದೇ ಗೋಡೆಯಲ್ಲಿ ಒಂದಿಂಚೂ ಖಾಲಿ ಬಿಡದೆ ಅಲಂಕರಿಸಿದ್ದಾರೇನೋ ಎಂದು ನನಗೆ ಅನ್ನಿಸಿತು. ಬೆಳಗಿನ ಕೋಣೆಯ ಗೋಡೆಗಳಲ್ಲಿ ಬೆಳ್ಳಿಯ ಹಾಳೆ ಎಂದು ಬಹಳ ಕಾಲ ಎಲ್ಲರೂ ನಂಬಿದ್ದದ್ದು ಪ್ಲಾಟಿನಂ ಎಂದು ಪರೀಕ್ಷೆಯಿಂದ ಗೊತ್ತಾಯಿತಂತೆ. ಬೆಳ್ಳಿಯಾಗಿದ್ದರೆ ಇಷ್ಟರಲ್ಲಿ ಕಪ್ಪಾಗಿರಬೇಕಿತ್ತು. ಸ್ನಾನದ ತೊಟ್ಟಿ ಒಂದೇ ಅಮೃತಶಿಲೆಯ ಬಂಡೆಯಲ್ಲಿ ಕೊರೆದದ್ದು. ನಾಲ್ಕು ನಲ್ಲಿ: ಸಿಹಿನೀರು, ಕಡಲನೀರು, ಎರಡರಲ್ಲೂ ಬಿಸಿ ಮತ್ತು ತಣ್ಣೀರು. ಕಲ್ಲು ನೀರಿನ ಬಿಸಿಯನ್ನೆಲ್ಲ ಹೀರಿಬಿಡುವುದರಿಂದ ಯಜಮಾನ ಸ್ನಾನಕ್ಕಿಳಿಯುವ ಮೊದಲು ತೊಟ್ಟಿಯನ್ನು ಹಲವು ಬಾರಿ ಬಿಸಿನೀರಿನಿಂದ ತುಂಬಿ ಖಾಲಿ ಮಾಡಬೇಕಾಗುತ್ತಿತ್ತು. ಶ್ರೀಮಂತಿಕೆಯ ಲಕ್ಷಣ ತೊಟ್ಟಿಗಿಂತ ಹೆಚ್ಚಾಗಿ ಆ ತುಂಬಿ ಚೆಲ್ಲುವ ಕೆಲಸದಲ್ಲಿದೆ.

ಗ್ರಂಥಾಲಯದ ಕೋಣೆಯಲ್ಲಿ ಫ್ರಾನ್ಸಿನ ಬರ್ಗಂಡಿಯ ಹಳೆಯ ಶಾಟೋ ಒಂದರಿಂದ ತಂದು ಜೋಡಿಸಿದ ಅಗ್ಗಿಷ್ಟಿಕೆಯಿದೆ. ಅದರ ಮೇಲೆ ಹಳೆಯ ಫ್ರೆಂಚಿನಲ್ಲಿ ಕೆತ್ತಿರುವ ಸಾಲುಗಳ ತಾತ್ಪರ್ಯ ಇಷ್ಟು: ಸಿರಿವಂತಿಕೆಗೆ ನಾನು ಬೆಲೆ ಕೊಡುವುದಿಲ್ಲ, ಅದಿಲ್ಲವೆಂಬ ಕೊರಗೂ ನನಗಿಲ್ಲ, ಕೊನೆಗೆ ಗೆಲ್ಲುವುದು ಜಾಣತನವೇ. ಬಂಗಾರದ ಅಂಚಿನ ಪುಸ್ತಕಗಳ ನಡುವೆ ಇದನ್ನು ತಂದಿಟ್ಟವರು ಓದಿ ತಂದರೋ ಓದದೆ ತಂದರೋ, ಎರಡೂ ಸ್ವಾರಸ್ಯವೇ.

ಅಮ್ಮನಿಗೆ ಇಡೀ ಮನೆಯಲ್ಲಿ ಇಷ್ಟವಾದದ್ದು ಅಡುಗೆಮನೆ. ವಾಸನೆಯೂ ಶಾಖವೂ ಊಟದ ಮನೆಯನ್ನು ಮುಟ್ಟಬಾರದೆಂದು ಅದನ್ನು ಮನೆಯ ಒಂದು ತುದಿಗೆ ಸರಿಸಿದ್ದಾರೆ. ನಡುವೆ ಎರಡು ಅಂತಸ್ತಿನ ಪಾತ್ರೆಯ ಕೋಣೆ, ಅದರಲ್ಲಿ ಬೆಳ್ಳಿ ಸಾಮಾನಿಗೆ ಗೋಡೆಯೊಳಗಿನ ಕಬ್ಬಿಣದ ತಿಜೋರಿ. ಉದ್ದನೆಯ ಕಬ್ಬಿಣದ ಒಲೆಯ ಮೇಲೂ ಮೇಜಿನ ಮೇಲೂ ತಾಮ್ರದ ಪಾತ್ರೆಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿವೆ. ಹಗ್ಗ ಕಟ್ಟಿದ್ದರಿಂದ ಮುಟ್ಟುವಂತಿರಲಿಲ್ಲ. ಅಮ್ಮ ಕತ್ತು ಚಾಚಿ ಒಂದು ಬಾಣಲೆಯ ಒಳಗನ್ನು ನೋಡಿ, “ಕಲಾಯಿ ಹಾಕಿಸಿದಾರೆ ನೋಡೇ. ಇಷ್ಟಕ್ಕೂ ಕಲಾಯಿ ಮಾಡೋನು ಇಲ್ಲೇ ಇದ್ನೋ, ಹೊರಗಿಂದ ಬರ್ತಿದ್ನೋ?” ಎಂದು ಕೇಳಿದರು. ಕಿವಿಗೆ ಹಾಕಿಕೊಂಡಿದ್ದ ಆಡಿಯೋ ವಿವರಣೆ ಆಗ ಅತಿಥಿಗಳ ಊಟದ ವೈಭವವನ್ನು ವರ್ಣಿಸುತ್ತಿತ್ತು. ಅಮ್ಮ ಅಡುಗೆಯ ಹಿತ್ತಾಳೆ ಪಾತ್ರೆಗಳನ್ನು ತಂದು ಕಲಾಯಿಯವನ ಮುಂದೆ ಹರವಿ, ನವಸಾಗರದ ಬಿಳಿ ಹೊಗೆಯ ಪಕ್ಕದಲ್ಲಿ ಚೌಕಾಸಿ ಮಾಡುತ್ತ ಕೂತವರು. ಒಳಗೋಡೆಯ ತವರ ಸವೆದರೆ ಹುಳಿ ಕಿಲುಬುತ್ತದೆ ಎಂಬುದು ಅವರಿಗೆ ಗೊತ್ತು, ಹಾಗಾಗಿ ಒಂದು ಪಾತ್ರೆ ಕಂಡರೆ ಅದರ ಹಿಂದಿನ ಕೆಲಸವೇ ಮೊದಲು ಕಾಣುತ್ತದೆ.

ಇಷ್ಟು ಕಟ್ಟಿಸಿದವನಿಗೆ ಅದನ್ನು ಅನುಭವಿಸುವ ಯೋಗ ಇರಲಿಲ್ಲ. ಮನೆ ಮುಗಿದ ಮರುವರ್ಷವೇ ಅವನಿಗೆ ಪಾರ್ಶ್ವವಾಯು ಬಡಿಯಿತು, 1899ರಲ್ಲಿ ತೀರಿಕೊಂಡ. ಹೆಂಡತಿ ಆಲಿಸ್ 1934ರವರೆಗೆ ಬದುಕಿದ್ದಳು. 1948ರಲ್ಲಿ ಮಗಳು ಗ್ಲಾಡಿಸ್ ಈ ಮನೆಯನ್ನು ವರ್ಷಕ್ಕೆ ಒಂದು ಡಾಲರ್ ಬಾಡಿಗೆಗೆ ಸೊಸೈಟಿಗೆ ಕೊಟ್ಟಳು, 1972ರಲ್ಲಿ ಸೊಸೈಟಿ ಅದನ್ನು ಕೊಂಡಿತು. ಮನೆತನದವರು ಮೂರನೆಯ ಅಂತಸ್ತಿನಲ್ಲಿ 2018ರವರೆಗೂ ವಾಸಿಸುತ್ತಿದ್ದರು. ಕೆಳಗೆ ಟಿಕೆಟ್ ಕೊಂಡ ಜನ, ಮೇಲೆ, ಯಾರ ಕಣ್ಣಿಗೂ ಬೀಳದ ಅಂತಸ್ತಿನಲ್ಲಿ, ಮನೆಯವರು. ಸೇವಕರಿಗೆಂದು ಮಾಡಿದ ಏರ್ಪಾಡು ಕೊನೆಗೆ ಒಡೆಯರ ಪಾಲಿಗೇ ಬಂತು.

ಮಾರ್ಬಲ್ ಹೌಸಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಾರ್ನೀಲಿಯಸನ ತಮ್ಮ ವಿಲಿಯಂ ತನ್ನ ಹೆಂಡತಿ ಆಲ್ವಾಳಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಕಟ್ಟಿಸಿ 1892ರಲ್ಲಿ ಮುಗಿಸಿದ ಈ ಮನೆಗೆ 1 ಕೋಟಿ 10 ಲಕ್ಷ ಡಾಲರ್ ಖರ್ಚಾಯಿತು, ಅದರಲ್ಲಿ 70 ಲಕ್ಷ ಅಮೃತಶಿಲೆಗೇ ಹೋಯಿತು ಎಂದು ಹೇಳಿದರೆ ಒಳಗಿನ ರುಚಿ ಎಂಥದ್ದೆಂದು ಊಹಿಸಬಹುದು. ಮೂರು ವರ್ಷದಲ್ಲಿ ವಿಚ್ಛೇದನವಾಯಿತು, ಮನೆ ಆಲ್ವಾಳ ಪಾಲಿಗೆ ಉಳಿಯಿತು. ಮಗಳನ್ನು ಇಂಗ್ಲೆಂಡಿನ ಡ್ಯೂಕನಿಗೆ ಒತ್ತಾಯದಿಂದ ಮದುವೆ ಮಾಡಿಸಿದ ಇದೇ ಹೆಣ್ಣುಮಗಳು ಮುಂದೆ ಮಹಿಳೆಯರ ಮತದಾನದ ಹಕ್ಕಿಗಾಗಿ ಹಣವನ್ನೂ ಹಟವನ್ನೂ ಸುರಿದು, 1914ರಲ್ಲಿ ಈ ಮನೆಯಲ್ಲೇ ಸಮ್ಮೇಳನ ನಡೆಸಿದಳು. ಹಿತ್ತಲಿನಲ್ಲಿ ಕಡಲ ಅಂಚಿಗೆ ಚೀನೀ ಶೈಲಿಯ ಚಹಾಮನೆಯಿದೆ. ಮಾರ್ಬಲ್ ಹೌಸಿನಲ್ಲಿ ಕಾಲು ಹಾಕಬೇಕಾದ ಜಾಗ ಅದೊಂದೇ.

ಬೆಲ್‌ವ್ಯೂ ರಸ್ತೆಯ ಇನ್ನೊಂದು ತುದಿಯಲ್ಲಿರುವ ನ್ಯೂಪೋರ್ಟ್ ಕ್ಯಾಸಿನೋ ಎಂಬ ಹಳೆಯ ಕ್ಲಬ್ಬನ್ನು ಹೊರಗಿನಿಂದಷ್ಟೇ ನೋಡಿದೆವು. 1881ರಲ್ಲಿ ಅಮೆರಿಕದ ಮೊದಲ ರಾಷ್ಟ್ರೀಯ ಟೆನಿಸ್ ಪಂದ್ಯಾವಳಿ ನಡೆದ ಹುಲ್ಲಿನ ಅಂಗಳ ಇದು. ಈಗ ಟೆನಿಸ್ ಹಾಲ್ ಆಫ್ ಫೇಮ್. ಲಿಯಾಂಡರ್ ಪೇಸ್ ತನ್ನ ಒಂದೇ ಒಂದು ಎಟಿಪಿ ಸಿಂಗಲ್ಸ್ ಪ್ರಶಸ್ತಿಯನ್ನು 1998ರಲ್ಲಿ ಗೆದ್ದದ್ದು ಇಲ್ಲೇ, 2024ರಲ್ಲಿ ವಿಜಯ್ ಅಮೃತರಾಜ್ ಜೊತೆಗೆ ಹಾಲ್ ಆಫ್ ಫೇಮ್ ಸೇರಿದ್ದೂ ಇಲ್ಲೇ.

ಮಹಲುಗಳ ಒಡೆಯರಿಗೆ ಮರೆಮಾಡಲು ಆಗದೆ ಹೋದದ್ದು ಕ್ಲಿಫ್ ವಾಕ್. ಬಂಡೆಗಳ ಅಂಚಿನಲ್ಲಿ, ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಮಹಲುಗಳ ಹಿತ್ತಲು, ನಡುವೆ ಮೂರೂವರೆ ಮೈಲಿಯ ಕಾಲುದಾರಿ. ಟಿಕೆಟ್ ಇಲ್ಲ, ಗೇಟಿಲ್ಲ. ರೋಡ್ ಐಲೆಂಡಿನ ಜನರಿಗೆ ದಂಡೆಯಲ್ಲಿ ಮೀನು ಹಿಡಿಯುವ ಹಕ್ಕನ್ನು 1663ರ ಸನ್ನದು ಕೊಟ್ಟಿತ್ತು. ಮುಂದೆ ರಾಜ್ಯದ ಸಂವಿಧಾನವೂ ದಂಡೆಯ ಹಕ್ಕುಗಳನ್ನು ಎತ್ತಿಹಿಡಿಯಿತು. ಮೀನುಗಾರರು ತುಳಿದ ಆ ದಾರಿಯನ್ನು ನಿಲ್ಲಿಸಲು ಧಣಿಗಳು ಗೋಡೆ ಎಬ್ಬಿಸಿದರು, ಪೊದೆ ಬೆಳೆಸಿದರು, ಗೂಳಿಗಳನ್ನು ಬಿಟ್ಟವರೂ ಇದ್ದರಂತೆ. ಜನ ಗೋಡೆ ಬೀಳಿಸಿದರು, ನಡೆದರು. ಇದು ಹಳೆಯ ಜಗಳವೂ ಅಲ್ಲ: ಸಮುದ್ರದ ಪಾಚಿ ಬಂದು ನಿಲ್ಲುವ ಗೆರೆಯಿಂದ ಒಳನಾಡಿನ ಕಡೆಗೆ 10 ಅಡಿಯವರೆಗೆ ಸಾರ್ವಜನಿಕರು ಓಡಾಡಬಹುದು ಎಂದು ರಾಜ್ಯ ಶಾಸನ ಮಾಡಿದ್ದು 2023ರಲ್ಲಿ. ಕಡಲ ತೀರದಲ್ಲಿ ರೆಸಾರ್ಟುಗಳ ಬೇಲಿ ದಾಟಲಾಗದೆ ಹಿಂದಿರುಗಿದ ಅನುಭವವಿರುವ ನಮಗೆ ಈ ಶಾಸನ ಯಾವ ಅಮೃತಶಿಲೆಯ ಮೆಟ್ಟಿಲಿಗಿಂತಲೂ ಹೆಚ್ಚು ಬೆರಗು ಹುಟ್ಟಿಸುತ್ತದೆ.

ದಾರಿಯ ನಡುವೆ ‘ನಲವತ್ತು ಮೆಟ್ಟಿಲು’ ಎಂಬ ಜಾಗವಿದೆ. ಕೆಳಗೆ ಬಂಡೆಗಳವರೆಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳು. ಮಹಲುಗಳ ಸೇವಕರು ಬಿಡುವಿನ ಸಂಜೆ ಇಲ್ಲಿ ಸೇರಿ ಹಾಡಿ ಕುಣಿಯುತ್ತಿದ್ದರು. ಎಲ್ಮ್ಸಿನ ಮೂರನೆಯ ಅಂತಸ್ತನ್ನು ನೋಡಿದ ಮೇಲೆ ಇಲ್ಲಿಗೆ ಬಂದರೆ, ಆ ಜನ ಯಾರ ಕಣ್ಣಿಗೂ ಬೀಳುವ ಭಯವಿಲ್ಲದೆ ನಿಲ್ಲಬಹುದಾಗಿದ್ದ ಜಾಗ ಇದಾಗಿತ್ತು ಎಂದು ಅರ್ಥವಾಗುತ್ತದೆ. ಈ ಮೆಟ್ಟಿಲುಗಳ ಪಕ್ಕದಲ್ಲೇ 2022ರ ಮಾರ್ಚಿನಲ್ಲಿ ದಾರಿಯ ಒಂದು ತುಂಡು ಕುಸಿದು ಕಡಲಿಗೆ ಬಿತ್ತು. ಕಡಲು ದಂಡೆಯನ್ನು ತಿನ್ನುವುದರಲ್ಲಿ ಭೇದ ಮಾಡುವುದಿಲ್ಲ.

ಹಿಂದಿರುಗುವಾಗ, ಸೇತುವೆಯ ಕಡೆಗೆ ಹೋಗುವ ಫೇರ್‌ವೆಲ್ ಸ್ಟ್ರೀಟಿನಲ್ಲಿ ಕಾರು ನಿಲ್ಲಿಸಿ ಅಲ್ಲಿನ ಹಳೆಯ ಸ್ಮಶಾನವನ್ನು ನೋಡಿದೆವು. ಸಂಜೆಯ ಹೊತ್ತಿನಲ್ಲಿ ಸ್ಮಶಾನವೇಕೆ ಎಂದು ಅಮ್ಮ ಕಾರಿನಲ್ಲೇ ಕೂತರು. ಅಪ್ಪ ಇಳಿದು ಬಂದರು. ಮಹಲುಗಳಿಗಿಂತ ಒಂದು ಶತಮಾನ ಮುಂಚಿನ ನ್ಯೂಪೋರ್ಟಿನ ಸಂಪತ್ತು ಎಲ್ಲಿಂದ ಬಂತೆಂಬುದರ ಲೆಕ್ಕ ಇಲ್ಲಿದೆ. ವೆಸ್ಟ್ ಇಂಡೀಸಿನ ಕಾಕಂಬಿಯನ್ನು ತಂದು ಇಲ್ಲಿ ರಮ್ ಭಟ್ಟಿ ಇಳಿಸಿ, ಆ ರಮ್ಮನ್ನು ಆಫ್ರಿಕಾದ ತೀರಕ್ಕೆ ಒಯ್ದು ಮನುಷ್ಯರನ್ನು ಕೊಂಡು, ಅವರನ್ನು ಮತ್ತೆ ವೆಸ್ಟ್ ಇಂಡೀಸಿನಲ್ಲಿ ಮಾರುವ ವ್ಯಾಪಾರದಲ್ಲಿ ಪುಟ್ಟ ರೋಡ್ ಐಲೆಂಡ್ ಅಮೆರಿಕದ ವಸಾಹತುಗಳಲ್ಲೆಲ್ಲ ಮುಂದಿತ್ತು. ಇಲ್ಲಿಂದ 900ಕ್ಕೂ ಹೆಚ್ಚು ಹಡಗುಯಾತ್ರೆಗಳು, ಒಂದು ಲಕ್ಷಕ್ಕೂ ಮೀರಿದ ಜನರ ಸಾಗಣೆ. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಊರಿನ ಸುಮಾರು ಐವರಲ್ಲಿ ಒಬ್ಬರು ಆಫ್ರಿಕಾ ಮೂಲದವರು. ಸ್ಮಶಾನದ ಉತ್ತರದ ಅಂಚಿನಲ್ಲಿ ಅವರಿಗಾಗಿ ಬಿಟ್ಟ ಜಾಗವನ್ನು ‘ಗಾಡ್ಸ್ ಲಿಟಲ್ ಏಕರ್’ ಎನ್ನುತ್ತಾರೆ.

ಅಲ್ಲಿನ ಕಲ್ಲುಗಳು ಸ್ಲೇಟಿನವು, ತೆಳುವಾದವು, ಹಲವು ವಾಲಿವೆ. ಅವುಗಳಲ್ಲಿ ಒಂದು 1768ರ ಡಿಸೆಂಬರಿನಲ್ಲಿ ತೀರಿಕೊಂಡ ಕಫ್ ಗಿಬ್ಸ್ ಎಂಬವನದು. ಊರಿನ ಜಾನ್ ಸ್ಟೀವನ್ಸ್ ಕಲ್ಲುಕೆತ್ತನೆಯ ಅಂಗಡಿಯಲ್ಲಿ ಗುಲಾಮನಾಗಿ ದುಡಿಯುತ್ತಿದ್ದ ಪಾಂಪಿ ಸ್ಟೀವನ್ಸ್, ತನ್ನ ಅಣ್ಣತಮ್ಮನ ನೆನಪಿಗೆ ಈ ಕಲ್ಲನ್ನು ತಾನೇ ಕೆತ್ತಿದೆ ಎಂದು ಅದರ ಮೇಲೆಯೇ ಬರೆದಿದ್ದಾನೆ. ದಿನವಿಡೀ ನೋಡಿದ್ದರಲ್ಲಿ ಕೆಲಸಗಾರನ ಹೆಸರು ಕೆಲಸದ ಮೇಲೆ ಕಂಡದ್ದು ಇಲ್ಲೊಂದೇ ಕಡೆ. ಅಪ್ಪ ಕೆತ್ತನೆಯನ್ನು ಹತ್ತಿರದಿಂದ ನೋಡಿ, ಅಕ್ಷರದ ಆಳ ಎಲ್ಲ ಕಡೆ ಒಂದೇ ಇದೆಯೆಂದು ಮೆಚ್ಚಿದರು. 1705ರಲ್ಲಿ ಶುರುವಾದ ಆ ಅಂಗಡಿ ಥೇಮ್ಸ್ ಸ್ಟ್ರೀಟಿನಲ್ಲಿ ಇಂದಿಗೂ ಕಲ್ಲು ಕೆತ್ತುತ್ತಿದೆ.

ಹೋಗುವವರಿಗೆ ಒಂದೆರಡು ಮಾತು. ಎಲ್ಮ್ಸಿನ ಸೇವಕರ ಪ್ರವಾಸಕ್ಕೆ ಜಾಗ ಕಡಿಮೆ, ಮುಂಚೆಯೇ ಕಾದಿರಿಸಿ. ಮಂಡಿನೋವಿರುವ ಹಿರಿಯರಿಗೆ ಆ ಮೆಟ್ಟಿಲುಗಳ ಬಗ್ಗೆ ಮೊದಲೇ ತಿಳಿಸಿ. ಎಲ್ಮ್ಸನ್ನು ಮೊದಲು, ಬ್ರೇಕರ್ಸನ್ನು ಆಮೇಲೆ ನೋಡಿ, ಆಗ ಬ್ರೇಕರ್ಸಿನಲ್ಲಿ ಏನನ್ನು ಹುಡುಕಬೇಕೆಂದು ಗೊತ್ತಿರುತ್ತದೆ. ಒಂದೇ ಮಹಲಿಗೆ ಸಮಯವಿದ್ದರೆ ಬ್ರೇಕರ್ಸನ್ನು ಬಿಡಿ. ಅದರ ಬೆನ್ನು ಕ್ಲಿಫ್ ವಾಕ್‌ನಿಂದ ಹೇಗೂ ಪುಕ್ಕಟೆಯಾಗಿ ಕಾಣುತ್ತದೆ. ಕ್ಲಿಫ್ ವಾಕ್‌ನ ದಕ್ಷಿಣದ ಭಾಗದಲ್ಲಿ ದಾರಿ ಬಂಡೆಗಳ ಮೇಲೆ ಹೋಗುತ್ತದೆ, ಚಪ್ಪಲಿ ನಡೆಯುವುದಿಲ್ಲ, ಶೂ ಬೇಕು. ಊಟಕ್ಕೆ ಬಂದರಿನ ಹೋಟೆಲುಗಳಲ್ಲಿ ಸಸ್ಯಾಹಾರಿಗಳಿಗೆ ಸಿಗುವುದು ಅಷ್ಟಕ್ಕಷ್ಟೇ. ನಾವು ಒಯ್ದಿದ್ದ ಚಿತ್ರಾನ್ನ, ಮೊಸರನ್ನದ ಡಬ್ಬಿಗಳನ್ನು ಬ್ರೆಂಟನ್ ಪಾಯಿಂಟ್ ಎಂಬ ಸರ್ಕಾರಿ ಉದ್ಯಾನದಲ್ಲಿ ಬಿಚ್ಚಿದೆವು. ಗಾಳಿಪಟ ಹಾರಿಸುವವರ ಮೆಚ್ಚಿನ ಜಾಗ ಅದು, ಆದ್ದರಿಂದ ಕಾಗದದ ತಟ್ಟೆ ಒಯ್ಯಬೇಡಿ, ಸ್ಟೀಲಿನದೇ ಇರಲಿ.